ಕಾಗೆ ಬಾರದ ವರ್ಷ

ಮಲ್ಕಾಜ್‌ಗಿರಿ, ಹೈದರಾಬಾದ್
11 ಆಗಸ್ಟ್ 2024

ಪೂಜ್ಯ ಅಮೃತಪ್ಪಜ್ಜನವರಿಗೆ ನಮಸ್ಕಾರ.

ನಾನು ಮೃಣಾಲಿನಿ. ನಿಮ್ಮ ಗೆಳೆಯ ವಾಸುದೇವರ ಮೊಮ್ಮಗಳು, ವಿನಾಯಕರ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನ್ನ ಮುಂದಿನ ಹಲ್ಲುಗಳು ಬಿದ್ದಿದ್ದವಂತೆ. ಹೋದ ವಾರ ಫೋನ್ ಮಾಡಿದ್ದೆ. ನಿಮ್ಮ ಸೊಸೆ ಹಂಪಮ್ಮನವರು, "ಅವರಿಗೆ ಕಿವಿ ಪೂರಾ ಹೋಗ್ಯಾವ ತಂಗಿ. ಕಾಗದಾ ಬರಿ, ಎರಡೆರಡು ಸಲ ಓದತಾರ" ಎಂದರು. ನನಗೆ ಕನ್ನಡ ಬರೆಯಲು ಕಲಿಸಿದವರು ಅಜ್ಜ. ತಪ್ಪಿದ್ದರೆ ಅವರ ಲೆಕ್ಕಕ್ಕೆ ಹಚ್ಚಿ.

ಅಜ್ಜ ತೀರಿಕೊಂಡ ಸುದ್ದಿ ಫೆಬ್ರುವರಿಯಲ್ಲೇ ನಿಮಗೆ ತಲುಪಿತ್ತು. ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಹತ್ತನೆಯ ದಿನ ಕಾಗೆ ಪಿಂಡ ಮುಟ್ಟಲಿಲ್ಲ.

ಊರ ಹೊರಗಿನ ಕೆರೆಯ ದಂಡೆಯಲ್ಲಿ ಪಿಂಡ ಇಟ್ಟು ಎಲ್ಲರೂ ದೂರ ಸರಿದು ನಿಂತೆವು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ, ಬಾರದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡಬೇಕು. ಇದು ನಿಮಗೆ ಗೊತ್ತಿರುವುದೇ. ನಮ್ಮಲ್ಲಿ ಬಂದದ್ದು ಪಾರಿವಾಳಗಳು. ಹೈದರಾಬಾದಿನಲ್ಲಿ ಈಗ ಎಲ್ಲಿ ನೋಡಿದರೂ ಅವೇ. ಅಪ್ಪ ಕೈಮುಗಿದು, "ಅಪ್ಪಾ, ಅಸ್ಥಿ ಕೃಷ್ಣಾದಾಗ ಬಿಟ್ಟು ಬರ್ತೀನಿ" ಅಂದರು. ಕಾದೆವು. "ಗುಳೇದಗುಡ್ಡಕ್ಕ ಹೋಗಿ ಮನಿದೇವರಿಗೆ ನಡಕೊಂಡು ಬರ್ತೀನಿ" ಅಂದರು. ಅಜ್ಜ ಜಗಲಿಯ ಮೇಲೆ ಭಾನುವಾರ ಓಣಿಯ ಮಕ್ಕಳಿಗೆ ಹೇಳಿಕೊಡುತ್ತಿದ್ದ ಕನ್ನಡ ಪಾಠ ನಿಲ್ಲಿಸುವುದಿಲ್ಲ ಎಂದು ಅಮ್ಮ ಹೇಳಿದಳು. ನಾನೂ ಏನೋ ಹೇಳಿದೆ. ಪಕ್ಕದಲ್ಲಿ ಇನ್ನೊಂದು ಮನೆಯವರು ತಮ್ಮ ಸರದಿಗೆ ಕಾಯುತ್ತಿದ್ದರು. ಕೊನೆಗೆ ಗುರುರಾಜಾಚಾರ್ಯರು ದರ್ಭೆಯಲ್ಲೇ ಒಂದು ಕಾಗೆ ಕಟ್ಟಿ, ಅದರಿಂದ ಪಿಂಡ ಮುಟ್ಟಿಸಿ, "ಶಾಸ್ತ್ರಕ್ಕ ಇದೂ ನಡೀತದ" ಎಂದು ಮುಗಿಸಿಬಿಟ್ಟರು.

ಅಮ್ಮನಿಗೆ ನಡೆಯಿತು, ನನಗೂ ನಡೆಯಿತು. ಅಪ್ಪನಿಗೆ ನಡೆಯಲಿಲ್ಲ. ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಆಯುಷ್ಯ ಕಳೆದವರು; ಯಾವುದೇ ಸಂಗತಿ ತಾಳೆಯಾಗದೆ ಉಳಿದರೆ ಅವರಿಗೆ ಊಟ ಸೇರುವುದಿಲ್ಲ. ದಿನಾ ಬೆಳಿಗ್ಗೆ ಮಾಳಿಗೆಗೆ ಹೋಗಿ ಅನ್ನ ಇಡುತ್ತಾರೆ, ಕಾಗೆಯ ದಾರಿ ನೋಡುತ್ತಾರೆ. ತೂಕ ಇಳಿದಿದೆ. ನಿದ್ದೆ ಇಲ್ಲ. ಮಾಘದಲ್ಲಿ ವರ್ಷಾಂತಿಕ. "ಅವತ್ತೂ ಬರಲಿಲ್ಲಂದ್ರ..." ಎಂದು ಶುರು ಮಾಡಿ ಮಾತು ಅಲ್ಲಿಗೇ ಬಿಡುತ್ತಾರೆ. ನನಗೆ ಹೆದರಿಕೆಯಾಗುತ್ತಿದೆ ಅಜ್ಜ.

ಹುಡುಗರಾಗಿದ್ದಾಗಿನಿಂದ ಅಜ್ಜನನ್ನು ಬಲ್ಲವರು ನೀವೊಬ್ಬರೇ ಉಳಿದಿದ್ದೀರಿ. ಅವರ ಮನಸ್ಸಿನಲ್ಲಿ ಏನು ಉಳಿದಿತ್ತು? ಚಿಕ್ಕದಾದರೂ ಸರಿ, ನೆನಪಾದದ್ದು ಬರೆಯಿರಿ.

ನಿಮ್ಮ ಮೊಮ್ಮಗಳ ಸಮಾನಳಾದ
ಮೃಣಾಲಿನಿ


ಗುಳೇದಗುಡ್ಡ
27 ಆಗಸ್ಟ್ 2024

ಚಿರಂಜೀವಿ ಮೃಣಾಲಿನಿಗೆ ಅಮೃತಪ್ಪಜ್ಜನ ಆಶೀರ್ವಾದ.

ನಾವು ಆರಾಮ ಎಂದು ಬರೆಯುವುದು ರೂಢಿ. ಕಿವಿ ಹೋಗಿದೆ, ಮೊಣಕಾಲು ಹೋಗಿದೆ, ಉಳಿದದ್ದೆಲ್ಲ ಆರಾಮ.

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ. ವಾಸ್ಯಾನ ಪಿಂಡಕ್ಕೆ ಪಾರಿವಾಳ ಬಂದವೇ! ನಾವಿಬ್ಬರೂ ಅರವತ್ನಾಲ್ಕರಲ್ಲಿ ಹೈದರಾಬಾದಿಗೆ ಹೊರಟಾಗ ನನ್ನ ಹೆಗಲ ಮೇಲೆ ಖಣದ ಗಂಟು, ಅವನ ಕೈಯಲ್ಲಿ ಮೆಟ್ರಿಕ್ ಪಾಸಾದ ಕಾಗದ. ನಾನು ನೇಕಾರರ ಮನೆಯವನು, ಕುಪ್ಪಸದ ಬಟ್ಟೆ ಮಾರಲು ಹೊರಟವನು. ಅವನು ಆಚಾರರ ಮನೆಯ ಕಿರಿಮಗ, ಪೂಜೆ ಪುನಸ್ಕಾರ ಅಣ್ಣನಿಗಿರಲಿ ಎಂದು ನೌಕರಿ ಹುಡುಕಿ ಹೊರಟವನು. ಹೊಟಗಿಯಲ್ಲಿ ಗಾಡಿ ಬದಲಿಸುವಾಗ ನನ್ನ ಗಂಟಿನ ಮೇಲೇ ನಿದ್ದೆ ಹೋಗಿ ಜೊಲ್ಲು ಸುರಿಸಿದ್ದ.

ಬೇಗಂ ಬಜಾರಿನಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿಯ ಮೇಲೆ ಒಂದು ಖೋಲಿ. ಕೆಳಗೆ ಇಡೀ ದಿನ ಪಾತ್ರೆ ಬಡಿಯುವ ಸದ್ದು. ನನ್ನ ಕಿವಿ ಹೋದದ್ದು ಅಲ್ಲಿಂದಲೇ ಎಂದು ನನ್ನ ಗುಮಾನಿ. ಅವನಿಗೆ ಇರಾನಿ ಹೋಟೆಲಿನ ಚಹಾ ಬೇಕು, ಜಾತಿಯೂ ಉಳಿಯಬೇಕು. ಕುಡಿದು ಹೊರಗೆ ಬಂದು ಬಾಯಿ ಮುಕ್ಕಳಿಸಿ, "ಈಗ ನಡೀತದ ಅಮೃತ್ಯಾ" ಅನ್ನುತ್ತಿದ್ದ. ಆರು ತಿಂಗಳಿಗೆ ಮುಕ್ಕಳಿಸುವುದೂ ನಿಂತಿತು. ಅಂಗಡಿಕಾರ ಏನು ಹೇಳಿದರೂ ಇವನ ಉತ್ತರ "ನಕ್ಕೋ", ಬೇಡ ಅಂತ. ಅದೊಂದೇ ದಖನಿ ಮಾತು ಹಿಡಿದುಕೊಂಡು ವರ್ಷಗಟ್ಟಲೆ ವ್ಯಾಪಾರ ಮಾಡಿದ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಗಿ ನಿಮ್ಮಜ್ಜಿ ಕೃಷ್ಣಾಬಾಯಿ ಬಂದಳು, ಮಲ್ಕಾಜ್‌ಗಿರಿಯಲ್ಲಿ ಮನೆಯಾಯಿತು. ನನಗೆ ಅಲ್ಲಿಯ ನೀರು ಒಗ್ಗಲಿಲ್ಲ, ಎಪ್ಪತ್ತೆರಡರಲ್ಲಿ ಮಗ್ಗಕ್ಕೆ ವಾಪಸು ಬಂದೆ.

ಆಸೆ ಕೇಳಿದ್ದೀ. ನಮ್ಮವ್ವ ಕುಟ್ಟುತ್ತಿದ್ದ ಕೆಂಪು ಮೆಣಸಿನಕಾಯಿಯ ರಂಜಕ ಬಿಸಿ ರೊಟ್ಟಿಗೆ ಹಚ್ಚಿ ತಿನ್ನಬೇಕೆಂದು ಯಾವಾಗಲೂ ಬರೆಯುತ್ತಿದ್ದ. ಕೃಷ್ಣಾಬಾಯಿಗೆ ನವಿಲುಗರಿ ಬಣ್ಣದ ಖಣ ತರುತ್ತೇನೆಂದು ಹೇಳಿ ಮರೆತಿದ್ದ. ಆಕೆ ಹೋದ ಮೇಲೆ ಅದನ್ನು ನೆನೆಸಿಕೊಂಡು ಹಳಹಳಿಸಿದ. ಇಷ್ಟು ಬಿಟ್ಟರೆ ನನಗೆ ಗೊತ್ತಿಲ್ಲ. ಅವನು ಆಸೆ ಗಂಟು ಕಟ್ಟಿಡುವ ಪೈಕಿ ಅಲ್ಲ.

ವಿನಾಯಕನಿಗೆ ಹೊಟ್ಟೆ ತುಂಬ ಉಣ್ಣಲು ಹೇಳು.

ಅಮೃತಪ್ಪ


ಮಣಿಕೊಂಡ, ಹೈದರಾಬಾದ್
19 ಸೆಪ್ಟೆಂಬರ್ 2024

ಪ್ರೀತಿಯ ಅಮೃತಪ್ಪಜ್ಜನಿಗೆ,

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಇರಾನಿ ಚಹಾದ ಸಂಗತಿಗೆ ಒಂದು ಗಳಿಗೆ ನಕ್ಕರು. ಆರು ತಿಂಗಳಲ್ಲಿ ಅದೇ ಮೊದಲ ನಗು. ಆಮೇಲೆ "ರಂಜಕ!" ಎಂದು ಎದ್ದು ನಿಂತರು. ನನಗೆ ಆಗಲೇ ಬರೆಯಬಾರದಿತ್ತೇನೋ ಅನ್ನಿಸಿತು.

ಹಂಪಮ್ಮನವರು ಕಳಿಸಿದ ರಂಜಕದ ಡಬ್ಬಿ ತಲುಪಿತು. ಖಣವೂ ತಲುಪಿತು, ಬಣ್ಣ ಎಷ್ಟು ಚೆನ್ನಾಗಿದೆ! ಅಪ್ಪ ಖಣವನ್ನು ಅಜ್ಜಿಯ ಫೋಟೋದ ಮುಂದಿಟ್ಟರು. ಮಾಸಿಕದ ದಿನ ಪಿಂಡದ ಜೊತೆ ರೊಟ್ಟಿಗೆ ರಂಜಕ ಹಚ್ಚಿ ಮಾಳಿಗೆಯ ಮೇಲೆ ಇಟ್ಟರು. ಒಂದು ಪಾರಿವಾಳ ಕುಕ್ಕಿ ನೋಡಿ ತಲೆ ಕೊಡವಿ ಹೋಯಿತು. ಕಾಗೆಯ ಸುಳಿವಿಲ್ಲ.

ಈಗ ಕಾಗೆಗಳನ್ನು ಮಲ್ಕಾಜ್‌ಗಿರಿಗೆ ರೂಢಿ ಮಾಡಿಸಬೇಕೆಂದು ಅಪ್ಪನ ಯೋಜನೆ. ಆಟೋದವರನ್ನೆಲ್ಲ, "ಕಾಕುಲು ಎಕ್ಕಡ ಉಂಟಾಯಿ?" ಎಂದು ತೆಲುಗಿನಲ್ಲಿ ಕಾಗೆಗಳ ಠಿಕಾಣಿ ಕೇಳುತ್ತಾರೆ. ಒಬ್ಬ ಅವರನ್ನು ಮೀನಿನ ಮಾರುಕಟ್ಟೆಗೆ ಕರೆದೊಯ್ದು ಇಳಿಸಿದ. ಜನಿವಾರದ ನನ್ನ ಅಪ್ಪ ಮೂಗಿಗೆ ಪಂಚೆಯ ತುದಿ ಹಿಡಿದು ಅಲ್ಲಿ ಕಾಗೆ ನೋಡುತ್ತ ನಿಂತಿದ್ದರಂತೆ. ಮನೆಗೆ ಬಂದು ಸ್ನಾನ ಮಾಡಿ, "ಅಲ್ಲೆ ಎಷ್ಟು ಇದ್ದವು ಗೊತ್ತೇನು" ಎಂದು ಅಮ್ಮನ ಮುಂದೆ ಅತ್ತರು. ಪಕ್ಕದ ಮನೆಯವರು ತಮ್ಮ ನೀರಿನ ಟಾಕಿಯ ಮೇಲೆ ಅನ್ನ ಬೀಳುತ್ತದೆಂದು ಜಗಳಕ್ಕೆ ಬಂದರು.

ಇಲ್ಲಿಯವರೆಗಿನದು ನಗುವ ಮಾತು. ಹೋದ ಗುರುವಾರ ಮಳೆಯಲ್ಲಿ ಮಾಳಿಗೆಯ ಮೇಲೆ ಜಾರಿ ಬಿದ್ದರು. ಮಣಿಕಟ್ಟಿನ ಎಲುಬು ಮುರಿದಿದೆ. ತಲೆಗೆ ಪೆಟ್ಟಾಗಿದ್ದರೆ ಏನು ಗತಿ! ಕಚೇರಿಯ ಸಲುವಾಗಿ ವಾರವೆಲ್ಲ ಮಣಿಕೊಂಡದಲ್ಲಿರುತ್ತೇನೆ, ದಿನಕ್ಕೆ ಮೂರು ಸಲ ಅಮ್ಮನಿಗೆ ಫೋನ್ ಮಾಡಿ ಅಪ್ಪ ಎಲ್ಲಿದ್ದಾರೆಂದು ಕೇಳುತ್ತೇನೆ.

ದಯವಿಟ್ಟು ಇನ್ನೂ ನೆನಪು ಮಾಡಿಕೊಳ್ಳಿ. ಗುಳೇದಗುಡ್ಡದಲ್ಲಿ ಯಾವುದಾದರೂ ಗುಡಿ, ಯಾವುದಾದರೂ ಹರಕೆ, ಯಾರನ್ನಾದರೂ ನೋಡುವ ಆಸೆ? ಊರಿನ ಕಡೆಯದೇ ಏನಾದರೂ ಇದ್ದೀತು. ಅಜ್ಜ ಊರಿಗೆ ಯಾಕೆ ಹೋಗುತ್ತಿರಲಿಲ್ಲ ಎಂದು ಕೇಳಿದಾಗಲೆಲ್ಲ "ರಜಾ ಸಿಗೂದಿಲ್ಲವಾ" ಅನ್ನುತ್ತಿದ್ದರು. ನಿವೃತ್ತರಾದ ಮೇಲೂ ಅದನ್ನೇ ಅಂದರು.

ನಿಮ್ಮ
ಮೃಣಾಲಿನಿ


ಗುಳೇದಗುಡ್ಡ
6 ಅಕ್ಟೋಬರ್ 2024

ಚಿರಂಜೀವಿ ಮೃಣಾಲಿನಿಗೆ,

ವಿನಾಯಕ ಬಿದ್ದ ಸುದ್ದಿ ಓದಿ ಮನೆಯಲ್ಲಿ ಎಲ್ಲರಿಗೂ ಕೆಟ್ಟೆನಿಸಿತು. ಅವನನ್ನು ಮಾಳಿಗೆ ಹತ್ತಲು ಬಿಡಬೇಡಿ. ಬೇಕಾದರೆ ಬೀಗ ಹಾಕಿ.

ನಿನ್ನ ಎರಡೂ ಪತ್ರಗಳನ್ನು ಮುಂದಿಟ್ಟುಕೊಂಡು ಮತ್ತೆ ಓದಿದೆ. ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ನೀನಿದ್ದೀ, ಆಚಾರರಿದ್ದಾರೆ, ಪಕ್ಕದ ಮನೆಯವರು, ಆಟೋದವನು, ಪಾರಿವಾಳ ಎಲ್ಲ ಇವೆ. ಅನುರಾಧಾ ಎಲ್ಲಿ?

ವಾಸ್ಯಾನ ಮಗಳು, ನಿನ್ನ ಸೋದರತ್ತೆ. ನನ್ನ ಹೆಂಡತಿ ಹಾಸಿಗೆ ಹಿಡಿದಾಗ ನರ್ಸ್ ಕೆಲಸಕ್ಕೆ ರಜೆ ಹಾಕಿ ಇಲ್ಲಿಗೆ ಬಂದು, ಕೂತು, ಅವಳ ಬೆನ್ನಿನ ಹುಣ್ಣು ತೊಳೆದು ಹೋದ ಹುಡುಗಿ. ವಾಸ್ಯಾ ಬರೆದ ಕಾಗದಗಳಲ್ಲಿ ವಿನ್ಯಾನ ಹೆಸರು ಒಂದು ಸಲ ಬಂದರೆ ಅನೂನ ಹೆಸರು ಎರಡು ಸಲ ಬರುತ್ತಿತ್ತು. ಕೆರೆಯ ದಂಡೆಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಮಾತು ಕೊಟ್ಟೆವು ಅಂದೀಯಲ್ಲ, ಅವಳು ಏನು ಹೇಳಿದಳು? ಎಲ್ಲಿ ನಿಂತಿದ್ದಳು?

ಮುದುಕನ ಪ್ರಶ್ನೆ ಎಂದು ತಿಳಿ. ಉತ್ತರ ಕೊಡಲು ಮನಸ್ಸಿಲ್ಲದಿದ್ದರೆ ಬಿಡು.

ಅಮೃತಪ್ಪ


ಮಣಿಕೊಂಡ
24 ನವೆಂಬರ್ 2024

ಅಮೃತಪ್ಪಜ್ಜ,

ಒಂದೂವರೆ ತಿಂಗಳಾಯಿತು. ದಸರೆ ಹೋಯಿತು, ದೀಪಾವಳಿ ಹೋಯಿತು. ಬರೆಯಲು ಕೂತಾಗಲೆಲ್ಲ ನಿಮ್ಮ ಪ್ರಶ್ನೆ ಓದಿ ಎದ್ದುಬಿಡುತ್ತಿದ್ದೆ. ಈ ಪತ್ರ ಅಪ್ಪನಿಗೆ ತೋರಿಸುವುದಿಲ್ಲ.

ಅವತ್ತು ಅತ್ತೆ ಕೆರೆಯ ಗೇಟಿನ ಹೊರಗೆ ನಿಂತಿದ್ದಳು. ರಸ್ತೆಯ ಆ ಬದಿ, ಒಂದು ಚಹಾದ ಗಾಡಿಯ ಪಕ್ಕ. ಅಪ್ಪ ಒಳಗೆ ಬರಕೂಡದು ಅಂದಿದ್ದರು.

ಆದದ್ದು ಇಷ್ಟು. ಅಜ್ಜನಿಗೆ ಶ್ವಾಸಕೋಶದಲ್ಲಿ ಸೋಂಕಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಗುಣವಾಗುವ ಲಕ್ಷಣವಿರಲಿಲ್ಲ. ವೆಂಟಿಲೇಟರ್ ಹಾಕುವ ಮಾತು ಬಂತು. ಅಪ್ಪ ಗಚ್ಚಿಬೌಲಿ ಕಡೆಯ ಇನ್ನೂ ದೊಡ್ಡ ಆಸ್ಪತ್ರೆಗೆ ಒಯ್ಯೋಣವೆಂದು ಹಟ ಹಿಡಿದರು. "ಅಣ್ಣಾ, ಅಪ್ಪ ಮನಿಗೆ ಕರಕೊಂಡು ಹೋಗ್ರಿ ಅಂತ ಕೈ ಹಿಡಕೊಂಡು ಕೇಳ್ಲಿಕ್ಕತ್ತಾನ" ಎಂದು ಅತ್ತೆ ಹೇಳಿದಳು. ಅಪ್ಪ ಕೇಳಲಿಲ್ಲ. ಅಮ್ಮನನ್ನು ಕರೆದುಕೊಂಡು ಆ ಆಸ್ಪತ್ರೆಯಲ್ಲಿ ಹಾಸಿಗೆ ನೋಡಲು ಹೋದರು. ಆ ಮಧ್ಯಾಹ್ನ ನಾನು ಕಚೇರಿಯಲ್ಲಿದ್ದೆ. ಅಷ್ಟರಲ್ಲಿ ಅತ್ತೆ ಬಿಡುಗಡೆಯ ಕಾಗದಕ್ಕೆ ತಾನೇ ಸಹಿ ಮಾಡಿ, ಅಜ್ಜನನ್ನು ಮಲ್ಕಾಜ್‌ಗಿರಿಗೆ ಕರೆದುಕೊಂಡು ಬಂದಳು. ಮನೆಯಿಂದ ಅಪ್ಪನಿಗೆ ಫೋನ್ ಮಾಡಿ, "ಲಗೂನ ಬಾ" ಅಂದಳು. ಅಪ್ಪ ಹೊರಡುವ ಬದಲು ಅಲ್ಲಿಂದಲೇ ಅವಳ ಮೇಲೆ ಕೂಗಾಡಿದರು, ಆಂಬುಲೆನ್ಸಿನವನ ಮೇಲೆ ಕೂಗಾಡಿದರು, ಬಿಟ್ಟ ಆಸ್ಪತ್ರೆಯವರಿಗೆ ಫೋನ್ ಹಚ್ಚಿ ಕೂಗಾಡಿದರು. ಅವರು ಮನೆ ಮುಟ್ಟುವಾಗ ಅಜ್ಜ ಹೋಗಿಬಿಟ್ಟಿದ್ದರು. ಬಾಯಿಗೆ ತುಳಸಿ ನೀರು ಬಿಟ್ಟವಳು ಅತ್ತೆ.

"ನೀನ ಕೊಂದಿ ಅಪ್ಪನ್ನ" ಅಂದರು ಅಪ್ಪ. ಬಾಗಿಲಲ್ಲಿ, ಓಣಿಯ ಜನರೆಲ್ಲ ನಿಂತಿರುವಾಗ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೋದವಳು ಈವರೆಗೆ ಮನೆಗೆ ಬಂದಿಲ್ಲ. ನೇರೇಡ್‌ಮೆಟ್‌ನಲ್ಲಿ ಅವಳ ಮನೆ. ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ.

ಕಾಗೆ ಯಾವ ಮಾತಿಗೆ ಕಾಯುತ್ತಿತ್ತೆಂದು ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು. "ಅನೂನ್ನ ಮನಿಗೆ ಕರೀತೀನಿ" ಎಂದು ಅಪ್ಪ ಹೇಳುತ್ತಾರೆಂದು ಅಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಕೃಷ್ಣಾ ನದಿಯ ಮಾತು ಆಡಿದರು. ನೀವು ಊರಿನ ಬೇರೆ ಯಾವುದಾದರೂ ಆಸೆ ಹೇಳಿದರೆ ಅದನ್ನು ತೀರಿಸಿ ಎಲ್ಲರೂ ಇದರಿಂದ ಪಾರಾಗಬಹುದೆಂದು ನಾನು ನಿಮಗೆ ಬರೆಯಲು ಶುರು ಮಾಡಿದೆ. ಈಗ ನಿಮಗೆ ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಗಿದೆ, ಹೆದರಿಕೆ ಮಾತ್ರ ಹಾಗೇ ಇದೆ. ಅಪ್ಪ ಈಗ ಗಯೆಗೆ ಒಬ್ಬರೇ ಹೋಗುತ್ತೇನೆ ಅನ್ನುತ್ತಿದ್ದಾರೆ. ಈ ಸ್ಥಿತಿಯಲ್ಲಿ ಹೋದರೆ ಅವರು ಹಿಂದಿರುಗುತ್ತಾರೆಂದು ನನಗೆ ನಂಬಿಕೆಯಿಲ್ಲ.

ಮೃಣಾಲಿನಿ


ಗುಳೇದಗುಡ್ಡ
8 ಡಿಸೆಂಬರ್ 2024

ಮಗಳೇ,

ಈ ಪತ್ರವನ್ನು ನಿಮ್ಮಪ್ಪನಿಗೆ ಓದಿ ಹೇಳು. ಕೂತುಕೊಳ್ಳಲಾರೆ ಅಂದರೆ ಕೈ ಹಿಡಿದು ಕೂರಿಸಿ ಓದು.

ವಿನಾಯಕಾ, ನಿಮ್ಮಪ್ಪ ನಿನಗೆ ಹೇಳದ್ದನ್ನು ನಾನು ಹೇಳುತ್ತೇನೆ. ಅರವತ್ತೊಂಬತ್ತರ ಬೇಸಿಗೆ. ತೆಲಂಗಾಣ ಬೇಕೆಂದು ಹೈದರಾಬಾದಿನಲ್ಲಿ ಚಳವಳಿ ಎದ್ದಿತ್ತು. ಅಂಗಡಿ ಬಂದ್, ಗಾಡಿಗಳ ನೆಚ್ಚಿಕೆಯಿಲ್ಲ. ಆಗ ತಂತಿ ಬಂತು, ತಂದೆಗೆ ಸೀರಿಯಸ್ ಎಂದು. ಸ್ಟೇಷನ್ನಿಗೆ ಹೋದರೆ ಗಾಡಿ ಓಡುತ್ತಿಲ್ಲ. ಉಳ್ಳಾಗಡ್ಡಿ ಇಳಿಸಿ ಖಾಲಿ ಹೊರಟ ಒಂದು ಲಾರಿಯಲ್ಲಿ ಕೂತು, ನಡುದಾರಿಯಲ್ಲಿ ಇಳಿದು, ಇನ್ನೊಂದು ಹಿಡಿದು, ಕಲಬುರ್ಗಿಯಲ್ಲಿ ಗಾಡಿ ಸಿಕ್ಕು, ನಾನೂ ಅವನೂ ಊರು ಮುಟ್ಟಿದಾಗ ಬೂದಿ ಆರಿತ್ತು. ಅವನ ಅಣ್ಣ ಭೀಮಸೇನ ಹೊಸ್ತಿಲಲ್ಲೇ ನಿಲ್ಲಿಸಿದ. "ಬಾಯಾಗ ನೀರು ಬಿಡೂ ಹೊತ್ತಿಗೆ ಬರಲಿಲ್ಲ, ಈಗ ಯಾಕ ಬಂದಿ? ಹೈದರಾಬಾದೇ ನಿನ್ನ ಅಪ್ಪ" ಅಂದ. ಲಾರಿಯ ಕಥೆ ಹೇಳಲು ನಾನು ಬಾಯಿ ತೆರೆದರೆ ವಾಸ್ಯಾ ನನ್ನ ತೋಳು ಒತ್ತಿದ.

ಹತ್ತನೆಯ ದಿನ ಹೊಂಡದ ದಂಡೆಯಲ್ಲಿ ಅವನಿಗೆ ಏನನ್ನೂ ಮುಟ್ಟಗೊಡಲಿಲ್ಲ. ನನ್ನ ಜೊತೆ ಬೇವಿನ ಗಿಡದ ಕೆಳಗೆ, ಪರಕೀಯನ ಹಾಗೆ ನಿಂತಿದ್ದ. "ಅಪ್ಪಾ, ಕಾಗಿ ಬರಬಾರದು, ಅಣ್ಣ ನನ್ನ ಕರೀಬೇಕು" ಎಂದು ಪಿಟಿಪಿಟಿ ಅನ್ನುತ್ತಿದ್ದ. ನನಗೆ ಕೇಳಿಸಿತು, ಆಗ ಕಿವಿ ನೆಟ್ಟಗಿದ್ದವು.

ಕಾಗೆ ಬಂತು. ಭೀಮಸೇನ ಪಿಂಡ ಇಟ್ಟು ಕೈ ತೆಗೆಯುವುದರೊಳಗೆ ಬಂತು. ಭೀಮಸೇನ ತಿರುಗಿ ತಮ್ಮನ ಕಡೆ ನೋಡಿದ. "ನೋಡಿದಿ? ಅಪ್ಪಗ ನಿನ್ನ ಹಂಗಿಲ್ಲ" ಅಂದ. ಸೇರಿದವರೆಲ್ಲ ಹೌದೆಂದರು. ವಾಸ್ಯಾ ಅವತ್ತೇ ಹೊರಟ. ಆ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಅವ್ವ ಸತ್ತದ್ದೂ ಅವನಿಗೆ ನಾನು ಬರೆದ ಕಾರ್ಡಿನಿಂದ ಗೊತ್ತಾಯಿತು. ರಜಾ ಸಿಗಲಿಲ್ಲವೆಂದು ನಿಮಗೆಲ್ಲ ಹೇಳಿದ.

ಇನ್ನೊಂದು ಕೇಳು. ಭೀಮಸೇನ ಮುದುಕನಾದ ಮೇಲೆ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದ. "ವಾಸ್ಯಾನ ಕಾಗದ ಬಂದೈತೇನೋ?" ಎಂದು ಕೇಳುವಾಗ ಮುಖ ಬೇರೆ ಕಡೆ ಇರುತ್ತಿತ್ತು. ಒಮ್ಮೆ ನಾನು, "ಒಂದು ಅಕ್ಷರ ಬರಿ, ಓಡಿ ಬರತಾನ" ಅಂದೆ. "ಕಾಗಿ ಬಂದಿತ್ತಲ್ಲೋ ಅಮೃತಪ್ಪಾ" ಅಂದ. ಅಷ್ಟೇ ಅವನ ಉತ್ತರ. ಹಾಗೇ ಸತ್ತ. ಕಾಗೆ ಬಂದು ಅವನದೇ ಸರಿ ಎಂದುಬಿಟ್ಟಿತ್ತು, ಅವನು ಆ ಸರಿಯಿಂದ ಹೊರಗೆ ಬರಲಾರದೆ ಹೋದ.

ನಿನ್ನ ಪಾಲಿಗೆ ಕಾಗೆ ಬರಲಿಲ್ಲ. ಬಂದಿದ್ದರೆ ನೀನೂ ಅವತ್ತೇ ಗೆದ್ದು ಮನೆಗೆ ಹೋಗುತ್ತಿದ್ದೆ. ನಾನು ಹೇಳುವುದು ಇಷ್ಟೇ. ಮಾಳಿಗೆ ಹತ್ತಬೇಡ.

ಅಮೃತಪ್ಪ ಕಾಕಾ


ಮಲ್ಕಾಜ್‌ಗಿರಿ
5 ಜನವರಿ 2025

ಅಮೃತಪ್ಪಜ್ಜನಿಗೆ ಮೃಣಾಲಿನಿಯ ನಮಸ್ಕಾರ.

ಓದಿದೆ. ಕೈ ಹಿಡಿದು ಕೂರಿಸಿಯೇ ಓದಬೇಕಾಯಿತು. "ಕಾಗಿ ಬರಬಾರದು" ಅನ್ನುವಲ್ಲಿಗೆ ಬಂದಾಗ ಅಪ್ಪ, "ಇನ್ನೊಮ್ಮೆ ಓದು" ಅಂದರು. ಓದಿದೆ. "ಈ ಮಾತು ನನಗ ಒಮ್ಮೆನೂ ಹೇಳಲಿಲ್ಲಲಾ ಅಪ್ಪ" ಎಂದು ಎದ್ದು ಹೋದರು. ಅನ್ನ ಇಡುವುದು ನಿಂತಿತು. ಅದರಿಂದ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಸುಮ್ಮನೆ ಕೂತಿರುತ್ತಾರೆ. ಮೊದಲಾದರೆ ಓಡಾಡುತ್ತಿದ್ದರು.

ಹೋದ ಭಾನುವಾರ, "ನಡಿ, ನೇರೇಡ್‌ಮೆಟ್‌ಗೆ ಹೋಗೋಣ" ಅಂದರು. ಅತ್ತೆ ಆಗಷ್ಟೇ ಡ್ಯೂಟಿಯಿಂದ ಬಂದಿದ್ದಳು. ನಮ್ಮನ್ನು ಒಳಗೆ ಕರೆದಳು, ನೀರು ಕೊಟ್ಟಳು, ಅಪ್ಪನ ಮಣಿಕಟ್ಟು ಹಿಡಿದು ಎಲುಬು ನೆಟ್ಟಗೆ ಕೂಡಿದೆಯೇ ನೋಡಿದಳು. ಅಪ್ಪ ನೆಲ ನೋಡುತ್ತ, "ವರ್ಷಾಂತಿಕಕ್ಕ ನೀ ಬರಬೇಕು ಅನೂ" ಅಂದರು.

"ಕಾಗಿ ಸಲುವಾಗಿ ಕರೀಲಿಕ್ಕೆ ಬಂದೀಯೇನು ಅಣ್ಣಾ?" ಅಂದಳು. ಜೋರಾಗಿ ಅಲ್ಲ. ಅಪ್ಪ ನೀರಿನ ಲೋಟ ಕೆಳಗಿಟ್ಟರು. "ಅವತ್ತ ಕಾಗಿ ಬಂದಿದ್ದರ ಇವತ್ತ ನೀ ಬರ್ತಿದ್ದೇನು?" ಎಂದು ಕೇಳಿದಳು.

ಅಪ್ಪ ಸುಳ್ಳು ಹೇಳುವವರಲ್ಲ. ಎದ್ದು ಹೊರಗೆ ಬಂದರು. ಮೆಟ್ಟಿಲಲ್ಲಿ ನಾನು ಹಿಂತಿರುಗಿ ನೋಡಿದೆ. ಅತ್ತೆ ಬಾಗಿಲು ಹಿಡಿದು ನಿಂತಿದ್ದಳು, ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದು ಹೆದರಿಕೆಯ ಹಾಗಿತ್ತು. ಯಾಕೆಂದು ನನಗೆ ತಿಳಿಯುತ್ತಿಲ್ಲ. ಅಪ್ಪ ಇನ್ನು ಏನು ಮಾಡಿಕೊಳ್ಳುತ್ತಾರೋ ಎಂದು ನಾನು ಕಚೇರಿಗೆ ರಜೆ ಹಾಕಿ ಇಲ್ಲೇ ಇದ್ದೇನೆ.

ಮೃಣಾಲಿನಿ


ಗುಳೇದಗುಡ್ಡ
18 ಜನವರಿ 2025

ಮಗಳೇ,

ಸಂಕ್ರಮಣದ ಎಳ್ಳು ಬೆಲ್ಲ ಲಕೋಟೆಯಲ್ಲಿದೆ. ಅರ್ಧ ಪುಡಿಯಾಗಿರಬೇಕು, ಆದರೂ ತಿನ್ನಿ.

ಅನೂ ಕೇಳಿದ್ದು ಸರಿ ಇದೆ. ಅದಕ್ಕೆ ಉತ್ತರ ಹುಡುಕುತ್ತ ಕೂರುವುದು ಬೇಡ ಎಂದು ವಿನಾಯಕನಿಗೆ ಹೇಳು. ವಾಸ್ಯಾ ಹೋದ ಆ ಮಧ್ಯಾಹ್ನ ಅವನ ಹತ್ತಿರ ಇದ್ದವಳು ಅವಳೊಬ್ಬಳು. ವರ್ಷ ತುಂಬುತ್ತ ಬಂತು. ಹತ್ತಾರು ಸಲ ಕಾಗೆಯನ್ನು ಕೇಳಿದಿರಿ, ಆಚಾರರನ್ನು ಕೇಳಿದಿರಿ, ಇಷ್ಟು ದೂರ ಇರುವ ಕಿವುಡನನ್ನು ಕೇಳಿದಿರಿ. ಅವಳನ್ನು ಯಾರಾದರೂ ಕೇಳಿದ್ದೀರಾ?

ಅಮೃತಪ್ಪ


ಮಲ್ಕಾಜ್‌ಗಿರಿ
8 ಫೆಬ್ರುವರಿ 2025

ಅಮೃತಪ್ಪಜ್ಜ,

ನಾಳೆ ವರ್ಷಾಂತಿಕ. ಅಡುಗೆಯವರು ಬಂದು ಸಾಮಾನು ಇಳಿಸುತ್ತಿದ್ದಾರೆ. ಇವತ್ತು ಮಧ್ಯಾಹ್ನ ನಡೆದದ್ದನ್ನು ಈಗಲೇ ನಿಮಗೆ ಬರೆಯದಿದ್ದರೆ ನನ್ನಿಂದ ಬೇರೆ ಕೆಲಸ ಆಗುವುದಿಲ್ಲ.

ನಿಮ್ಮ ಪತ್ರ ಅಪ್ಪನ ಜೇಬಿನಲ್ಲೇ ಎರಡು ವಾರ ಇತ್ತು. ಇವತ್ತು ಬೆಳಿಗ್ಗೆ ನನ್ನ ಎದುರಿಗೇ ಅತ್ತೆಗೆ ಫೋನ್ ಮಾಡಿದರು. "ಅನೂ, ನಾಳಿನ ಸಲುವಾಗಿ ಅಲ್ಲ. ಅವತ್ತ ಏನಾತು ಹೇಳು. ನಾ ಕೇಳೇ ಇಲ್ಲ ನಿನಗ" ಅಂದರು. "ಮನಿಗೆ ಬಂದು ಹೇಳ್ತೀನಿ" ಅಂದಳು ಅತ್ತೆ.

ಬಂದಳು. ಅಜ್ಜನ ಮಂಚ ಇದ್ದ ಕೋಣೆಯಲ್ಲಿ ನೆಲದ ಮೇಲೆ ಕೂತಳು. ಅಪ್ಪ ಎದುರಿಗೆ ಕೂತರು. ಅಮ್ಮನೂ ನಾನೂ ಬಾಗಿಲಲ್ಲಿದ್ದೆವು. ಅತ್ತೆ ಡ್ಯೂಟಿಯ ವರದಿ ಕೊಡುವವರ ಹಾಗೆ ಶುರು ಮಾಡಿದಳು. ಆಂಬುಲೆನ್ಸಿನಿಂದ ಇಳಿಸುವಾಗ ಅಜ್ಜ ಕಣ್ಣು ಬಿಟ್ಟು ನಮ್ಮ ಗೇಟು ನೋಡಿದರಂತೆ. ಮಂಚದ ಮೇಲೆ ಮಲಗಿಸಿದ ಮೇಲೆ ಉಸಿರಾಟ ಸ್ವಲ್ಪ ಹದಕ್ಕೆ ಬಂತಂತೆ. ನೋವಿಗೆ ಕೊಡಬೇಕಾದದ್ದನ್ನು ಕೊಟ್ಟಳಂತೆ. ಅಷ್ಟು ಹೇಳಿ ನಿಲ್ಲಿಸಿದಳು.

"ಏನರ ಅಂದ್ನೇನು?" ಎಂದು ಅಪ್ಪ ಕೇಳಿದರು.

ಅತ್ತೆ ಅಮ್ಮನ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ಕೇಳಿದ ಹಾಗಿತ್ತು.

"ವಿನ್ಯಾ ಬಂದಾನೇನು ಅಂದ."

ಅಪ್ಪ ತಲೆ ಎತ್ತಿದರು.

"ಬರ್ಲಿಕ್ಕತ್ತಾನ ಅಂದೆ. ಸುಮ್ಮನಾದ. ಮತ್ತ ಸ್ವಲ್ಪ ಹೊತ್ತಿಗೆ, ವಿನ್ಯಾ ಬಂದಾನೇನು ಅಂದ. ನಿನಗ ಫೋನ್ ಹಚ್ಚಿದೆ ಅಣ್ಣಾ, ಎಂಗೇಜ್ ಬಂತು. ಮತ್ತ ಹಚ್ಚಿದೆ. ಅವನ ಉಸಿರು ಬದಲಾಗೋದು ನನಗ ಗೊತ್ತಾತು, ದಿನಾ ನೋಡ್ತೀನಲಾ. ಮತ್ತ ಬಾಗಲಾ ಕಡೆ ನೋಡಿದ. ಆವಾಗ ನಾ, ಬಂದಾನ ಅಪ್ಪಾ, ಹಿತ್ತಲದಾಗ ಕಾಲು ತೊಳ್ಕೊಳ್ಳಿಕ್ಕತ್ತಾನ ಅಂದೆ. ಹೌದಾ ಅಂದ. ಬಾಗಲಾ ನೋಡ್ತನೇ ನೀರು ಕುಡದ. ಹೋದ."

ಅಮ್ಮ ಅಳುತ್ತ, "ಇಷ್ಟು ದಿವಸ ಯಾಕ ಹೇಳಲಿಲ್ಲವಾ? ಓಣಿ ಮುಂದ ಅಂಥಾ ಮಾತು ಅನಿಸಿಕೊಂಡಿ" ಅಂದಳು.

"ನನಗ ಅಂದದ್ದು ನಾ ತಡಕೊಳ್ತೀನಿ ವೈನಿ. ಇದನ್ನ ಅಣ್ಣ ತಡಕೊಳ್ಳೂದಿಲ್ಲ ಅಂತ ಗೊತ್ತಿತ್ತು. ಕೇಳಿದ್ದರ ಹೇಳಬೇಕಾಗ್ತಿತ್ತು. ಕೇಳದಂಗ ಇರಲಿ ಅಂತ ದೂರ ಉಳದೆ" ಅಂದಳು ಅತ್ತೆ.

ಅಪ್ಪ ಎದ್ದರು. ನನಗೆ ಗಾಬರಿಯಾಗಿ ಹಿಂದೆ ಹೊರಟೆ; ಅತ್ತೆ ಬೇಡವೆಂದು ಕೈ ಮಾಡಿದಳು. ಅವರು ಹಿತ್ತಿಲಿಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನಿಂತಿತು. ಆಮೇಲೆ ಅಪ್ಪ ಒದ್ದೆ ಕಾಲಿನಲ್ಲಿ, ನಡುಮನೆಯ ಉದ್ದಕ್ಕೂ ಹೆಜ್ಜೆ ಮೂಡಿಸುತ್ತ ಒಳಗೆ ಬಂದರು. ಮಂಚ ಇದ್ದ ಜಾಗದ ಮುಂದೆ ಕೂತು, ನೆಲಕ್ಕೆ ಎರಡೂ ಕೈ ಊರಿ, "ಬಂದೀನಿ ಅಪ್ಪಾ" ಅಂದರು.

ಅತ್ತೆ ಪಕ್ಕಕ್ಕೆ ಸರಿದು ಕೂತು, ತನ್ನ ಸೆರಗಿನಿಂದ ಅವರ ಕಾಲು ಒರೆಸಿದಳು.

ನಿಮ್ಮ
ಮೃಣಾಲಿನಿ